ಸುರಾತ್ ಥಾನಿಯಲ್ಲಿ ಒಂದು ರಾತ್ರಿ: ಕಡಿಮೆ ಬಾಡಿಗೆಯ ಲಾಡ್ಜ್ ಹಿಡಿಯೋದು ಹೇಗೆ

ಥೈಲ್ಯಾಂಡಿನ ಸಮುಯಿ, ಫಂಗನ್, ತಾವ್ ದ್ವೀಪಗಳಿಗೆ ಹೊರಟವರು ಮತ್ತೆ ಮತ್ತೆ ಕೇಳೋದು ಇದನ್ನೇ. ಸುರಾತ್ ಥಾನಿಯಲ್ಲಿ ಒಂದು ರಾತ್ರಿ ಕಳೀಬೇಕಾಗಿದೆ, ಜಾಸ್ತಿ ಖರ್ಚಿಲ್ಲದೆ ಎಲ್ಲಿ ಉಳ್ಕೊಳ್ಳೋದು, ಒಂದು ಒಳ್ಳೆ ಲಾಡ್ಜ್ ಹೆಸರು ಹೇಳಿ ಅಂತ. ಹೆಸರು ಹೇಳಿದ್ರೆ ಪ್ರಯೋಜನ ಇಲ್ಲ. ಈ ಊರಲ್ಲಿ ಒಳ್ಳೆ ರೂಮ್ ಯಾವುದು ಅನ್ನೋದು ನೀವು ನಾಳೆ ಬೆಳಗ್ಗೆ ಯಾವ ಗಾಡಿ ಹತ್ತುತ್ತೀರಿ ಅನ್ನೋದರ ಮೇಲೆ ಹೋಗತ್ತೆ. ಫೋಟೋದಲ್ಲಿ ಚೆನ್ನಾಗಿ ಕಂಡ ರೂಮ್ ಬುಕ್ ಮಾಡಿ, ಬೆಳಗ್ಗೆ ಐದಕ್ಕೆ ಸ್ಟೇಷನ್ನಿಗೆ ಹೋಗೋಕೆ ಬಾಡಿಗೆಯಷ್ಟೇ ದುಡ್ಡು ಟ್ಯಾಕ್ಸಿಗೆ ಕೊಟ್ಟೋರು ಬೇಕಾದಷ್ಟು ಜನ ಇದ್ದಾರೆ.

ಊರು ನಮ್ಮ ಅರಸೀಕೆರೆ ಥರ. ಎಲ್ಲರೂ ಇಳೀತಾರೆ, ಗಾಡಿ ಬದಲಾಯಿಸ್ತಾರೆ, ಯಾರೂ ನಿಲ್ಲಲ್ಲ. ಬ್ಯಾಂಕಾಕಿಂದ ದಕ್ಷಿಣಕ್ಕೆ ಸುಮಾರು 650 ಕಿಲೋಮೀಟರ್, ತಾಪಿ ನದಿ ದಡದಲ್ಲಿದೆ. ಹೌದು, ನಮ್ಮ ತಾಪಿಯ ಹೆಸರೇ, 1915ರಲ್ಲಿ ಅಲ್ಲಿನ ರಾಜ ಆರನೇ ರಾಮ ಗುಜರಾತಿನ ಸೂರತ್ ಹೆಸರು ನೋಡ್ಕೊಂಡು ಊರಿಗೂ ನದಿಗೂ ಹೆಸರಿಟ್ಟಿದ್ದು. ಸ್ಥಳೀಯರು ಪೇಟೆಯನ್ನ ಈಗಲೂ ಬಾನ್ ಡೋನ್ ಅಂತಾರೆ, ಬಸ್ಸಿನವರು ಹಂಗೆ ಕೂಗಿದ್ರೆ ಬೇರೆ ಊರು ಅಂದ್ಕೊಂಡು ಕೂತಿರಬೇಡಿ.

ಮೊದಲು ಬೇಕಾಗೋದು

ಪಾಸ್‌ಪೋರ್ಟ್ ಇಲ್ಲದೆ ರೂಮ್ ಕೊಡಲ್ಲ. ವಿದೇಶಿಯರು ಬಂದು ಉಳಿದ್ರೆ ಆ ವಿಷಯ ಇಮಿಗ್ರೇಷನ್ ಆಫೀಸಿಗೆ ತಿಳಿಸೋದು ಲಾಡ್ಜಿನವರ ಜವಾಬ್ದಾರಿ, ಅದಕ್ಕೆ ಟಿಎಂ-30 ಅಂತಾರೆ. ಹಾಗಾಗಿ ಫೋಟೋ ತಗೋತಾರೆ ಇಲ್ಲಾ ಜೆರಾಕ್ಸ್ ಮಾಡ್ಕೋತಾರೆ, ಅನುಮಾನ ಪಡೋದು ಬೇಡ. 2025ರ ಮೇ 1ರಿಂದ ಥೈಲ್ಯಾಂಡಿಗೆ ಹೋಗೋ ಪ್ರತಿಯೊಬ್ಬರೂ ಟಿಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡನ್ನ ದೇಶಕ್ಕೆ ಬಂದಿಳಿಯೋ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬಬೇಕು. ಅದು ಪೂರ್ತಿ ಫ್ರೀ, ದುಡ್ಡು ಕೇಳೋ ವೆಬ್‌ಸೈಟ್ ಕಂಡ್ರೆ ತಕ್ಷಣ ಮುಚ್ಚಿಬಿಡಿ. ವೀಸಾ ನಿಯಮ ಆಗಾಗ ಬದಲಾಗತ್ತೆ, ಟಿಕೆಟ್ ಮಾಡೋ ಮುಂಚೆ ಥಾಯ್ ರಾಯಭಾರ ಕಚೇರಿಯ ಸೈಟ್ ಒಂದ್ಸಲ ನೋಡಿ.

ದುಡ್ಡು ಕ್ಯಾಶಲ್ಲೇ ಇರಲಿ. ಚಿಕ್ಕ ಲಾಡ್ಜಲ್ಲಿ ಕಾರ್ಡ್ ನಡಿಯಲ್ಲ, ಕೌಂಟರಲ್ಲಿ ಅಂಟಿಸಿರೋ ಕ್ಯೂಆರ್ ಕೋಡ್ ಪ್ರಾಂಪ್ಟ್‌ಪೇದು, ಅಲ್ಲಿನ ಬ್ಯಾಂಕ್ ಖಾತೆ ಇರೋರಿಗೆ ಅಂತ ಇರೋದು. ರೂಪಾಯಿ ನೋಟನ್ನ ಇಲ್ಲಿ ಬಂದು ಬದಲಾಯಿಸೋ ಯೋಚನೆ ಬಿಡಿ, ಬ್ಯಾಂಕಾಕಲ್ಲೇ ಅಲ್ಲಿನ ದುಡ್ಡು ಬಾತ್‌ಗೆ ಬದಲಾಯಿಸ್ಕೊಂಡು ಬನ್ನಿ. ಎಟಿಎಂ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಜಾಸ್ತಿ ಶುಲ್ಕ ಕಿತ್ಕೊಳ್ಳತ್ತೆ, ಅದರ ಜೊತೆ ರೂಪಾಯಿಗೆ ಕನ್ವರ್ಟ್ ಮಾಡಿ ಕೊಡ್ಲಾ ಅಂತ ಸ್ಕ್ರೀನ್ ಮೇಲೆ ಕೇಳತ್ತೆ, ಬೇಡ ಅಂತಲೇ ಒತ್ತಿ, ಆ ರೇಟಲ್ಲಿ ಕಳ್ಕೊಳ್ಳೋದು ನೀವೇ. ಸಾವಿರ ಬಾತ್ ನೋಟಿಗೆ ರಾತ್ರಿ ಹೊತ್ತು ಲಾಡ್ಜಲ್ಲಿ ಚಿಲ್ಲರೆ ಸಿಗೋದು ಕಷ್ಟ, ಮುಂಚೆಯೇ ಸೆವೆನ್ ಇಲೆವೆನ್ ಅಂಗಡಿಯಲ್ಲಿ ನೀರಿನ ಬಾಟಲಿ ತಗೊಂಡು ಮುರಿಸ್ಕೊಳ್ಳಿ.

ಹಂತ 1: ಯಾವ ಕಡೆ ಉಳಿಯೋದು ಅಂತ ತೀರ್ಮಾನ ಮಾಡಿ

ಇದೇ ಮುಖ್ಯ, ಇದೊಂದು ಸರಿಯಾದ್ರೆ ಉಳಿದಿದ್ದು ಹೆಂಗೋ ಆಗತ್ತೆ.

ಸುರಾತ್ ಥಾನಿ ಅಂತ ಬೋರ್ಡ್ ಇರೋ ರೈಲ್ವೆ ಸ್ಟೇಷನ್ ಊರಲ್ಲಿಲ್ಲ. ಅದು ಇರೋದು ಪುನ್‌ಪಿನ್ ಅನ್ನೋ ಪಕ್ಕದ ಸಣ್ಣ ಪೇಟೆಯಲ್ಲಿ, ಬಾನ್ ಡೋನಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ಪಶ್ಚಿಮಕ್ಕೆ. ಏರ್‌ಪೋರ್ಟ್ ಕೂಡ ಅದೇ ದಿಕ್ಕಲ್ಲಿ, ಇನ್ನೂ ಆಚೆಗೆ. ದ್ವೀಪಕ್ಕೆ ಹೋಗೋ ದೊಡ್ಡ ಫೆರಿಗಳು ಹೊರಡೋ ಡೋನ್ ಸಕ್ ಜೆಟ್ಟಿ ಇದಕ್ಕೆ ಪೂರ್ತಿ ವಿರುದ್ಧ, ಪೂರ್ವಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್, ಬಸ್ಸಲ್ಲಿ ಒಂದರಿಂದ ಒಂದೂವರೆ ಗಂಟೆ. ಮ್ಯಾಪಲ್ಲಿ ಸುರಾತ್ ಥಾನಿ ಅಂತ ಹೊಡೆದು ಹತ್ತಿರ ಕಂಡಿದ್ದನ್ನ ಬುಕ್ ಮಾಡಿದ್ರೆ ಎಡವಟ್ಟಾಗೋದು ಇಲ್ಲೇ.

ಬೆಳಗ್ಗೆ ರೈಲು ಅಥವಾ ಫ್ಲೈಟ್ ಇದ್ರೆ ಪುನ್‌ಪಿನ್ ಕಡೆ ಉಳೀರಿ. ಸ್ಟೇಷನ್ ಎದುರೇ, ನಡೆದುಹೋಗೋ ದೂರದಲ್ಲಿ ಸಾದಾ ಲಾಡ್ಜುಗಳಿವೆ. ನೋಡೋಕೆ ಏನೂ ಚೆಂದ ಇಲ್ಲ, ಗೂಡ್ಸ್ ರೈಲಿನ ಸದ್ದು ರಾತ್ರಿಯೆಲ್ಲಾ ಇರತ್ತೆ, ಆದ್ರೆ ನಿಮಗೆ ಬೇಕಿರೋದು ಬೆಳಗ್ಗೆ ಹತ್ತು ನಿಮಿಷದಲ್ಲಿ ಪ್ಲಾಟ್‌ಫಾರ್ಮ್ ಮೇಲಿರೋದು.

ದ್ವೀಪಕ್ಕೋ, ಖಾವ್ ಸೋಕ್ ಕಾಡಿಗೋ, ಕ್ರಾಬಿಗೋ ಹೋಗೋದಾದ್ರೆ ಬಾನ್ ಡೋನ್. ಅಲ್ಲಿ ತಲಾತ್ ಕಸೇತ್ 1 ಮತ್ತು 2 ಅಂತ ಎರಡು ಮಾರ್ಕೆಟ್ಟು ಬಸ್ ಸ್ಟ್ಯಾಂಡು ಸೇರ್ಕೊಂಡಿರೋ ಜಾಗ ಇದೆ, ವ್ಯಾನು ಬಸ್ಸುಗಳೆಲ್ಲಾ ಆ ಸುತ್ತಮುತ್ತಲಿಂದ ಹೊರಡತ್ವೆ. ಅಲ್ಲಿಂದ ನದಿ ದಡದವರೆಗಿನ ಬೀದಿಗಳಲ್ಲಿ ಹಳೇ ಚೀನಿ-ಥಾಯ್ ಕುಟುಂಬಗಳು ನಡೆಸೋ ಲಾಡ್ಜುಗಳಿವೆ, ಊಟಕ್ಕೂ ಅನುಕೂಲ. ಬ್ಯಾಂಕಾಕ್ ಬಸ್ಸುಗಳ ದೊಡ್ಡ ಸ್ಟ್ಯಾಂಡ್ ಮಾತ್ರ ಊರಾಚೆ ಪುನ್‌ಪಿನ್ ರಸ್ತೆಯಲ್ಲಿದೆ, ಅದನ್ನೂ ಇದನ್ನೂ ಒಂದೇ ಅಂದ್ಕೋಬೇಡಿ.

ಪುನ್‌ಪಿನ್ ಮತ್ತು ಬಾನ್ ಡೋನ್ ಮಧ್ಯೆ ಲೋಕಲ್ ಬಸ್ ಓಡತ್ತೆ, ತುಂಬಾ ಅಗ್ಗ, ಆದ್ರೆ ಸಂಜೆ ಆದ್ಮೇಲೆ ನಿಂತುಹೋಗತ್ತೆ. ರಾತ್ರಿ ರೈಲು ಇಳಿದ್ರೆ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪಲ್ಲಿ ಕಾರು ಕರೀರಿ. ಅದಕ್ಕೆ ಬ್ಯಾಂಕಾಕಲ್ಲೇ ಸಿಮ್ ಹಾಕಿಸ್ಕೊಂಡು ಆ್ಯಪ್ ರೆಡಿ ಮಾಡಿಟ್ಕೊಂಡಿರಬೇಕು, ಸ್ಟೇಷನ್ ಹೊರಗೆ ನಿಂತು ಒಟಿಪಿಗೆ ಕಾಯೋ ಕಷ್ಟ ಬೇಡ.

ಇನ್ನೊಂದು ಮಾತು. ತಾವ್ ದ್ವೀಪಕ್ಕೆ ಮಾತ್ರ ಹೋಗೋರು ಸುರಾತ್ ಥಾನಿವರೆಗೂ ಬರೋದೇ ಬೇಡ, ಬ್ಯಾಂಕಾಕಿಂದ ಬರ್ತಾ ದಾರಿಯಲ್ಲೇ ಚುಂಫೋನ್ ಸಿಗತ್ತೆ, ಅಲ್ಲಿಂದ ಬೋಟ್ ಹತ್ತಿರ.

ಹಂತ 2: ಮುಂಚೆ ಬುಕ್ ಮಾಡ್ಬೇಕಾ, ಹೋಗಿ ನೋಡ್ಬೇಕಾ

ಮಾಮೂಲಿ ದಿನಗಳಲ್ಲಿ ಸಂಜೆ ಏಳರೊಳಗೆ ತಲುಪ್ತೀರಿ ಅಂದ್ರೆ ನೇರ ಹೋಗಿ ನೋಡಿ ತಗೊಳ್ಳಿ. ಫ್ಯಾನ್ ರೂಮಿಗೆ ಮುನ್ನೂರು ನಾನ್ನೂರು ಬಾತ್, ಎಸಿ ರೂಮಿಗೆ ನಾನ್ನೂರೈವತ್ತರಿಂದ ಏಳ್ನೂರು ಅಂತ ಲೆಕ್ಕ ಇಟ್ಕೊಳ್ಳಿ. ಒಂದು ಬಾತಿಗೆ ಎರಡೂವರೆ ರೂಪಾಯಿಗಿಂತ ಮೇಲೆ ಬೀಳತ್ತೆ. ಅಗೋಡಾ, ಬುಕಿಂಗ್ ಡಾಟ್ ಕಾಮ್ ಥರದ ಆ್ಯಪಲ್ಲಿ ಮೊದಲು ತೋರಿಸೋ ರೇಟಿಗೆ ಕೊನೇ ಪುಟದಲ್ಲಿ ಟ್ಯಾಕ್ಸು ಸರ್ವಿಸ್ ಚಾರ್ಜು ಸೇರಿರಬಹುದು, ಹೋಲಿಸೋದಾದ್ರೆ ಆ ಕೊನೇ ರೇಟನ್ನೇ ಹೋಲಿಸಿ.

ಮುಂಚೆ ಬುಕ್ ಮಾಡ್ಲೇಬೇಕಾದ ದಿನಗಳೂ ಇವೆ. ಏಪ್ರಿಲ್ 13ರಿಂದ 15ರ ಸೋಂಗ್‌ಕ್ರಾನ್, ಅದು ಥಾಯ್ ಹೊಸ ವರ್ಷ. ಫಂಗನ್ ದ್ವೀಪದಲ್ಲಿ ಹುಣ್ಣಿಮೆ ಪಾರ್ಟಿ ಇರೋ ಹಿಂದಿನ ಮುಂದಿನ ದಿನ. ಬೌದ್ಧರ ವರ್ಷಾವಾಸ ಮುಗಿದಾಗ, ಅಕ್ಟೋಬರ್ ಹೊತ್ತಿಗೆ, ಇಲ್ಲಿ ಬುದ್ಧನ ಮೂರ್ತಿ ಕೂರಿಸಿದ ರಥ, ದೋಣಿ ಎಳೆಯೋ ಚಕ್ ಫ್ರಾ ಹಬ್ಬ ನಡಿಯತ್ತೆ, ಆಗ ಊರೆಲ್ಲಾ ಫುಲ್. ಇವೆಲ್ಲಕ್ಕಿಂತ ಜನ ಮರೆಯೋದು ಮಳೆಗಾಲವನ್ನ. ನಮ್ಮಲ್ಲಿ ಮಳೆ ಮುಗೀತು ಅಂತ ಅಕ್ಟೋಬರ್ ಕೊನೆಗೆ, ನವೆಂಬರಿಗೆ ಟಿಕೆಟ್ ಮಾಡ್ತಾರೆ, ಅಲ್ಲಿ ಥಾಯ್ ಕೊಲ್ಲಿಯ ಕಡೆ ಜೋರು ಮಳೆ ಬರೋದೇ ಆಗ. ಸಮುದ್ರ ಕೆಟ್ಟು ಬೋಟ್ ಬಂದ್ ಆದ್ರೆ ದ್ವೀಪಕ್ಕೆ ಹೋಗಬೇಕಾದೋರೆಲ್ಲಾ ಒಂದೇ ರಾತ್ರಿ ಈ ಊರಲ್ಲೇ ರೂಮ್ ಹುಡುಕ್ತಾರೆ.

ಆ್ಯಪಲ್ಲಿ ನೋಡುವಾಗ ರೆಸಾರ್ಟ್ ಅನ್ನೋ ಹೆಸರಿಗೆ ಮೋಸ ಹೋಗಬೇಡಿ. ಥೈಲ್ಯಾಂಡಿನ ಸಣ್ಣ ಊರುಗಳಲ್ಲಿ ಹೆದ್ದಾರಿ ಪಕ್ಕ ಸಾಲಾಗಿ ಕಟ್ಟಿರೋ ಹತ್ತು ಕೋಣೆಗೂ ರೆಸಾರ್ಟ್ ಅಂತಾರೆ, ಸ್ವಂತ ಕಾರು ಇಲ್ಲದೋರಿಗೆ ಅದು ನಡುನೀರು. ಕಾರು ನಿಲ್ಲಿಸೋ ಜಾಗಕ್ಕೆ ಉದ್ದದ ಪರದೆ ಎಳೆದಿದ್ದು, ಮೂರು ಗಂಟೆಗೆ ಇಷ್ಟು ಅಂತ ಬೋರ್ಡ್ ಇದ್ರೆ ಅದು ಬೇರೆ ವ್ಯವಹಾರದ ಜಾಗ, ಮಕ್ಕಳು ಮರಿ ಕರ್ಕೊಂಡು ಒಳಗೆ ಹೋಗಬೇಡಿ.

ಹಂತ 3: ಕೌಂಟರಲ್ಲಿ

ದುಡ್ಡು ಕೊಡೋ ಮುಂಚೆ ರೂಮ್ ನೋಡ್ಬೇಕು ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ‘ಖೋ ದೂ ಹೋಂಗ್ ದಾಯ್ ಮೈ’ ಅಂದ್ರೆ ರೂಮ್ ನೋಡಬಹುದಾ ಅಂತ. ಗಂಡಸರು ಮಾತಿನ ಕೊನೆಗೆ ‘ಖ್ರಪ್’, ಹೆಂಗಸರು ‘ಖಾ’ ಸೇರಿಸಿದ್ರೆ ಎದುರಿನೋರ ಮುಖ ತಾನೇ ಅರಳತ್ತೆ. ‘ಹೋಂಗ್ ಏ’ ಎಸಿ ರೂಮ್, ‘ಹೋಂಗ್ ಪತ್ ಲೋಮ್’ ಫ್ಯಾನ್ ರೂಮ್, ‘ತೆಮ್’ ಅಂದ್ರೆ ಫುಲ್. ಉಚ್ಚಾರ ಬರದಿದ್ರೂ ಪರವಾಗಿಲ್ಲ, ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರಿಸಿ.

ರೂಮ್ ನಂಬರ್ 301 ಅಂದ್ರೆ ಎರಡು ಮಹಡಿ ಹತ್ತಬೇಕು. ಅಲ್ಲಿ ನೆಲಮಹಡಿಯೇ ಒಂದನೇ ಮಹಡಿ. ಹಳೇ ಲಾಡ್ಜಲ್ಲಿ ಲಿಫ್ಟ್ ಇರಲ್ಲ, ವಯಸ್ಸಾದೋರು ಜೊತೆಗಿದ್ರೆ ಕೆಳಗಿನ ರೂಮೇ ಕೇಳಿ.

ಬಾಡಿಗೆ ಜೊತೆ ಕೀ ಡೆಪಾಸಿಟ್ ಅಂತ ನೂರೋ ಇನ್ನೂರೋ ಬಾತ್ ತಗೋತಾರೆ, ರೂಮ್ ಖಾಲಿ ಮಾಡುವಾಗ ವಾಪಸ್ ಕೊಡ್ತಾರೆ. ಅದಕ್ಕೊಂದು ಚೀಟಿ ಬರೆದುಕೊಡ್ತಾರೆ, ಎಸೀಬೇಡಿ. ಚೀಟಿ ಮೇಲೆ ವರ್ಷ 2568, 2569 ಅಂತೆಲ್ಲಾ ಕಂಡ್ರೆ ಗಾಬರಿ ಬೇಡ, ಅವರದು ಬುದ್ಧನ ಶಕೆ, ನಮ್ಮ ಇಸವಿಗೆ 543 ಸೇರಿಸಿದ್ರೆ ಅದು ಬರತ್ತೆ. ಡೆಪಾಸಿಟ್ ಬದಲು ಪಾಸ್‌ಪೋರ್ಟ್ ಇಟ್ಟುಹೋಗಿ ಅಂದ್ರೆ ಮಾತ್ರ ಒಪ್ಪಬೇಡಿ. ಫೋಟೋ ತಗೊಳ್ಳಿ, ಜೆರಾಕ್ಸ್ ಮಾಡ್ಕೊಳ್ಳಿ, ದುಡ್ಡು ಬೇಕಾದ್ರೆ ಇನ್ನೂರು ಜಾಸ್ತಿ ಇಟ್ಕೊಳ್ಳಿ ಅನ್ನಿ.

ಮದುವೆ ಆಗಿದ್ಯಾ, ಇವರು ಯಾರು ಅಂತ ಅಲ್ಲಿ ಯಾರೂ ಕೇಳಲ್ಲ. ಆದ್ರೆ ಇಬ್ಬರ ರೂಮಲ್ಲಿ ನಾಲ್ಕು ಜನ ಚಾಪೆ ಹಾಸ್ಕೊಂಡು ಮಲಗ್ತೀವಿ ಅಂದ್ರೆ ನಡಿಯಲ್ಲ, ಎಷ್ಟು ಜನ ಅಂತ ಮೊದಲೇ ಸರಿಯಾಗಿ ಹೇಳಿ, ಎಕ್ಸ್‌ಟ್ರಾ ಹಾಸಿಗೆಗೆ ಎಷ್ಟು ಅಂತ ಕೇಳ್ಕೊಳ್ಳಿ.

ಹಂತ 4: ರೂಮಲ್ಲಿ ಏನು ನೋಡ್ಬೇಕು

ಬ್ಯಾಗನ್ನ ಹಾಸಿಗೆ ಮೇಲೆ ಇಡೋ ಮುಂಚೆ ಬೆಡ್‌ಶೀಟ್ ಮೂಲೆ ಎತ್ತಿ, ಹಾಸಿಗೆಯ ಹೊಲಿಗೆ ಸಾಲಿನ ಮೇಲೆ ಮೊಬೈಲ್ ಟಾರ್ಚ್ ಬಿಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಗುಂಪಾಗಿ ಕಂಡ್ರೆ ತಿಗಣೆ ಇದೆ ಅಂತ, ಆ ರೂಮ್ ಬೇಡ. ಮಂಚದ ತಲೆಕಡೆ ಹಲಗೆ ಗೋಡೆಗೆ ತಾಗೋ ಸಂದೂ ನೋಡಿ. ಹಲ್ಲಿ ಇದ್ರೆ ಬಿಟ್ಟುಬಿಡಿ, ಅದು ಎಲ್ಲಾ ಕಡೆ ಇರತ್ತೆ.

ಕಿಟಕಿ ಇದೆಯಾ ಅಂತ ಪರದೆ ಸರಿಸಿಯೇ ನೋಡಿ. ಪರದೆ ಹಿಂದೆ ಬರೀ ಗೋಡೆ ಇರೋ ರೂಮುಗಳು ಇಂಥ ಊರಲ್ಲಿ ಸಾಮಾನ್ಯ, ಫ್ಯಾನ್ ರೂಮಿಗೆ ಕಿಟಕಿ ಇಲ್ಲ ಅಂದ್ರೆ ಬೆವರಲ್ಲೇ ಮಲಗ್ಬೇಕು. ಕಿಟಕಿ ಇದ್ರೆ ಸೊಳ್ಳೆ ಪರದೆ ಹರಿದಿದ್ಯಾ ನೋಡಿ, ನದಿ ಪಕ್ಕದ ಊರು, ಸೊಳ್ಳೆಗೆ ಬರ ಇಲ್ಲ. ಎಸಿ ಹಾಕಿ ಐದು ನಿಮಿಷ ಬಿಡಿ, ಗಾಳಿ ತಣ್ಣಗಾಗ್ತಿದ್ಯಾ, ಹಾಸಿಗೆ ಮೇಲೆ ನೀರು ತೊಟ್ಟಿಕ್ತಿದ್ಯಾ ಅಂತ ನೋಡೋಕೆ.

ಬಾತ್‌ರೂಮಲ್ಲಿ ಟಾಯ್ಲೆಟ್ಟು ಷವರು ಒಂದೇ ಜಾಗದಲ್ಲಿರತ್ತೆ, ಸ್ನಾನ ಮಾಡಿದ್ರೆ ಎಲ್ಲಾ ಒದ್ದೆ, ಟವೆಲ್ಲು ಬಟ್ಟೆ ಹೊರಗಿಟ್ಟು ಹೋಗಿ. ತೊಳ್ಕೊಳ್ಳೋಕೆ ಕೈಯಲ್ಲಿ ಹಿಡಿಯೋ ಸಣ್ಣ ಷವರ್ ಇರತ್ತೆ, ಆ ಚಿಂತೆ ನಮ್ಮವರಿಗೆ ಬೇಡ. ಟಿಶ್ಯೂ ಪೇಪರನ್ನ ಮಾತ್ರ ಕಮೋಡಿಗೆ ಹಾಕಬೇಡಿ, ಪಕ್ಕದಲ್ಲಿ ಬುಟ್ಟಿ ಇಟ್ಟಿರ್ತಾರೆ. ಬಿಸಿನೀರು ಬರ್ತಿಲ್ಲ ಅಂತ ರಿಸೆಪ್ಷನ್ನಿಗೆ ಓಡೋ ಮುಂಚೆ ಹೀಟರಿನ ಪ್ರತ್ಯೇಕ ಸ್ವಿಚ್ ಹುಡುಕಿ. ಗೋಡೆ ಮೇಲಿರೋ ಸಣ್ಣ ಬಿಳಿ ಡಬ್ಬಿಯೇ ಹೀಟರ್, ಅದರ ಬ್ರೇಕರ್ ಸ್ವಿಚ್ ಎಷ್ಟೋ ಕಡೆ ಬಾತ್‌ರೂಮ್ ಬಾಗಿಲ ಹೊರಗೆ, ಕೈಗೆ ಸುಲಭವಾಗಿ ಎಟುಕದಷ್ಟು ಮೇಲೆ ಇರತ್ತೆ. ನಲ್ಲಿ ತಿರುಗಿಸಿದಾಗ ಡಬ್ಬಿ ಮೇಲೆ ಸಣ್ಣ ದೀಪ ಹೊತ್ತಿದ್ರೆ ಕೆಲಸ ಮಾಡ್ತಿದೆ ಅಂತ. ನೀರಿನ ಒತ್ತಡ ಕಡಿಮೆ ಇದ್ರೆ ಆ ದೀಪ ಹೊತ್ತಲ್ಲ, ನಲ್ಲಿ ಪೂರ್ತಿ ತಿರುಗಿಸಿ ನೋಡಿ. ಫ್ಯಾನ್ ರೂಮಲ್ಲಿ ಹೀಟರ್ರೇ ಇಲ್ಲದಿರಬಹುದು, ಅಲ್ಲಿನ ಸೆಕೆಗೆ ಅದು ಅಂಥಾ ಕೊರತೆ ಅಲ್ಲ ಬಿಡಿ.

ಚಾರ್ಜರ್ ವಿಷಯಕ್ಕೆ, ವೋಲ್ಟೇಜ್ ನಮ್ಮ ಹಾಗೇ, ಮೊಬೈಲಿನ ದುಂಡು ಎರಡು ಪಿನ್ ಅಲ್ಲಿನ ಸಾಕೆಟ್ಟಿಗೆ ಹೋಗತ್ತೆ. ನಮ್ಮ ಲ್ಯಾಪ್‌ಟಾಪಿನ ಮೂರು ಪಿನ್ನಿಂದು ಹೋಗಲ್ಲ, ಅಡಾಪ್ಟರ್ ತಗೊಂಡ್ಹೋಗಿ.

ಬಾಗಿಲ ಹಿಂದೆ ಲ್ಯಾಮಿನೇಟ್ ಮಾಡಿ ಅಂಟಿಸಿರೋ ಹಾಳೆ ಓದಿ, ಅದೇ ದಂಡದ ಪಟ್ಟಿ. ಟವೆಲ್ ಕಳೆದ್ರೆ ಇಷ್ಟು, ಕೀ ಕಳೆದ್ರೆ ಇಷ್ಟು, ಬೆಡ್‌ಶೀಟಿಗೆ ಕಲೆ ಆದ್ರೆ ಇಷ್ಟು, ಸಿಗರೇಟ್ ಸೇದಿದ್ರೆ ಸಾವಿರ ಎರಡು ಸಾವಿರ ಬಾತ್. ಮುಳ್ಳು ಹಣ್ಣಿನ ಚಿತ್ರಕ್ಕೆ ಅಡ್ಡಗೆರೆ ಎಳೆದಿದ್ರೆ ಅದು ದುರಿಯನ್ ಹಣ್ಣು, ರೂಮಿಗೆ ತರಬಾರದು, ವಾಸನೆ ದಿನಗಟ್ಲೆ ಹೋಗಲ್ಲ. ಹಲಸಿನ ಹಣ್ಣು ಥರಾನೇ ಅಲ್ವಾ ಅಂತ ವಾದ ಮಾಡೋಕೆ ಹೋಗಬೇಡಿ. ಮೊದಲೇ ಇರೋ ಕಲೆ, ಒಡೆದ ರಿಮೋಟ್, ಇದನ್ನೆಲ್ಲಾ ಒಳಗೆ ಹೋದ ತಕ್ಷಣ ಫೋಟೋ ತೆಗೆದಿಡಿ. ಇ-ಸಿಗರೇಟ್ ಆ ದೇಶದಲ್ಲೇ ಕಾನೂನು ಬಾಹಿರ, ಬ್ಯಾಗಲ್ಲಿ ಇಟ್ಕೊಂಡೇ ಹೋಗಬೇಡಿ.

ಹಂತ 5: ನೀರು, ಊಟ

ನಲ್ಲಿ ನೀರು ಕುಡಿಯೋ ಹಾಗಿಲ್ಲ. ದಿನಕ್ಕೆ ಎರಡು ಸಣ್ಣ ಬಾಟಲಿ ಲಾಡ್ಜಿನವರೇ ಇಡ್ತಾರೆ. ಬೀದಿ ಬದಿ ನೀರಿನ ಮೆಷಿನ್ ಇರತ್ತೆ, ಒಂದು ಬಾತ್ ನಾಣ್ಯ ಹಾಕಿದ್ರೆ ಹೆಚ್ಚುಕಡಿಮೆ ಒಂದು ಲೀಟರ್, ಖಾಲಿ ಬಾಟಲಿ ಹಿಡ್ಕೊಂಡು ಹೋಗಿ.

ಮಾಂಸ ಮೀನು ತಿನ್ನೋರಿಗೆ ಸಂಜೆ ಸಾನ್ ಚಾವ್ ರಾತ್ರಿ ಮಾರ್ಕೆಟ್ ಸಾಕು, ಈ ಊರಿನ ಸಿಂಪಿ ದೇಶಕ್ಕೆಲ್ಲಾ ಹೆಸರುವಾಸಿ. ಸಸ್ಯಾಹಾರಿಗಳಿಗೆ ತೊಂದರೆ ಎಲ್ಲಿ ಬರತ್ತೆ ಅಂದ್ರೆ, ತರಕಾರಿ ಮಾತ್ರ ಹಾಕಿ ಅಂದ್ರೂ ನಾಮ್ ಪ್ಲಾ ಅನ್ನೋ ಮೀನಿನ ಸಾಸ್ ಹಾಕೇ ಹಾಕ್ತಾರೆ, ಅವರ ಲೆಕ್ಕದಲ್ಲಿ ಅದು ಉಪ್ಪು. ‘ಮೈ ಸಾಯ್ ನಾಮ್ ಪ್ಲಾ’, ಮೀನು ಸಾಸ್ ಹಾಕಬೇಡಿ, ಅಂತ ಪ್ರತಿ ಸಲ ಹೇಳ್ಬೇಕು. ಅದಕ್ಕಿಂತ ಸುಲಭ ದಾರಿ ‘ಜೇ’ ಅಂಗಡಿ. ಹಳದಿ ಬೋರ್ಡಿನ ಮೇಲೆ ಕೆಂಪು ಅಕ್ಷರ ಇರತ್ತೆ, ಚೀನಿ ಬೌದ್ಧರ ಪದ್ಧತಿಯ ಅಡುಗೆ, ಮಾಂಸ ಮೊಟ್ಟೆ ಹಾಲು ಏನೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿ ಕೂಡ ಇಲ್ಲ. ಮಡಿ ಮಾಡೋ ಅಜ್ಜಿಯನ್ನೂ ಕರ್ಕೊಂಡು ಹೋಗಬಹುದು. ಆದ್ರೆ ಇವು ಬೆಳಗ್ಗೆ ಬೇಗ ತೆಗೆದು ಮಧ್ಯಾಹ್ನ ಕಳೀತಿದ್ದ ಹಾಗೆ ಖಾಲಿಯಾಗೋದು ಜಾಸ್ತಿ, ರಾತ್ರಿ ಊಟಕ್ಕೆ ನಂಬ್ಕೋಬೇಡಿ, ಒಂದು ಪೊಟ್ಟಣ ಕಟ್ಟಿಸ್ಕೊಂಡು ಇಟ್ಕೊಳ್ಳಿ. ಏನೂ ಸಿಗದಿದ್ರೆ ಸೆವೆನ್ ಇಲೆವೆನ್ ಇಪ್ಪತ್ನಾಲ್ಕು ಗಂಟೆ ತೆಗೆದಿರತ್ತೆ, ಬಾಳೆಹಣ್ಣು, ಬ್ರೆಡ್ಡು, ಸೋಯಾ ಹಾಲು.

ಹಂತ 6: ಮರುದಿನದ ಟಿಕೆಟ್

ಸ್ಟೇಷನ್ ಹೊರಗೆ ಬರ್ತಿದ್ದ ಹಾಗೆ ಏಜೆಂಟ್‌ಗಳು ಹಿಡ್ಕೋತಾರೆ. ಕೊನೇ ಬೋಟ್ ಹೋಯ್ತು, ಇವತ್ತು ಇಲ್ಲೇ ಉಳೀಬೇಕು, ನಮ್ಮ ಹತ್ರ ರೂಮ್ ಇದೆ ಅನ್ನೋದು ಹಳೇ ಆಟ. ನಿಜವೂ ಇರಬಹುದು, ಆದ್ರೆ ಫೆರಿ ಕಂಪನಿಯ ಸ್ವಂತ ವೆಬ್‌ಸೈಟಲ್ಲಿ ಸಮಯ ನೋಡ್ಕೊಂಡು ಆಮೇಲೆ ನಂಬಿ. ಬಸ್ಸು ಬೋಟು ಎರಡೂ ಸೇರಿದ ಜಂಟಿ ಟಿಕೆಟ್ ತಗೊಳ್ಳೋದು ಒಳ್ಳೇದೇ, ಆದ್ರೆ ಎಲ್ಲಿಂದ ಹತ್ತಿಸ್ಕೋತಾರೆ, ಎಷ್ಟು ಗಂಟೆಗೆ, ಯಾವ ದ್ವೀಪದ ಯಾವ ಜೆಟ್ಟಿಗೆ ಇಳಿಸ್ತಾರೆ ಅನ್ನೋದು ಟಿಕೆಟ್ ಮೇಲೆ ಬರೆದಿರಬೇಕು. ಬಣ್ಣದ ಸ್ಟಿಕರ್ ಒಂದನ್ನ ಅಂಗಿಗೆ ಅಂಟಿಸ್ತಾರೆ, ಅದು ನೋಡ್ಕೊಂಡೇ ಜನಾನ ಬಸ್ಸಿಗೆ ಹತ್ತಿಸೋದು, ಕಿತ್ತು ಬಿಸಾಡಬೇಡಿ.

ರಾತ್ರಿ ಬೋಟ್ ಅಂತ ಇನ್ನೊಂದಿದೆ. ಬಾನ್ ಡೋನ್ ಜೆಟ್ಟಿಯಿಂದ ರಾತ್ರಿ ಹನ್ನೊಂದರ ಸುಮಾರಿಗೆ ಹೊರಟು ಬೆಳಗಿನ ಜಾವ ದ್ವೀಪಕ್ಕೆ ಮುಟ್ಟಿಸತ್ತೆ, ಸಾಲಾಗಿ ಹಾಸಿರೋ ಹಾಸಿಗೆ ಮೇಲೆ ನಂಬರ್ ನೋಡ್ಕೊಂಡು ಮಲಗೋದು, ರೂಮ್ ಬಾಡಿಗೆ ಉಳಿಯತ್ತೆ. ಹುಡುಗರು ಗುಂಪಾಗಿ ಹೋಗೋದಾದ್ರೆ ನಾನು ಅದನ್ನೇ ಹೇಳ್ತೀನಿ. ಅಪ್ಪ ಅಮ್ಮ, ಪುಟ್ಟ ಮಕ್ಕಳು ಇದ್ರೆ ಬೇಡ, ಅಪರಿಚಿತರ ಭುಜಕ್ಕೆ ಭುಜ ತಾಗಿಸಿ ಮಲಗ್ಬೇಕು, ಅಲೆ ಎದ್ರೆ ವಾಂತಿ ಗ್ಯಾರಂಟಿ.

ಹಂತ 7: ಬೆಳಗ್ಗೆ ಖಾಲಿ ಮಾಡೋದು

ಚೆಕ್‌ಔಟ್ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡು, ಕೆಲವು ಕಡೆ ಹನ್ನೊಂದು. ಅದರಿಂದ ಯಾರಿಗೂ ತೊಂದರೆ ಆಗಲ್ಲ, ತೊಂದರೆ ಇರೋದು ಬೆಳಗಿನ ಐದು ಗಂಟೆಯಲ್ಲಿ. ಕೌಂಟರಲ್ಲಿ ದೀಪ ಆರಿರತ್ತೆ, ಮುಂದಿನ ಶಟರ್ ಅರ್ಧ ಎಳೆದಿರತ್ತೆ, ಒಳಗೆ ಯಾರೋ ಮಡಚೋ ಮಂಚದ ಮೇಲೆ ಮಲಗಿರ್ತಾರೆ, ನಿಮ್ಮ ಡೆಪಾಸಿಟ್ ದುಡ್ಡು ಡ್ರಾಯರಲ್ಲಿ ಬೀಗದೊಳಗೆ. ವ್ಯಾನ್ ಹೊರಗೆ ಹಾರ್ನ್ ಹೊಡೀತಿರುವಾಗ ಇನ್ನೂರು ಬಾತಿಗೆ ಜಗಳ ಆಡೋಕಾಗಲ್ಲ. ಅದಕ್ಕೆ ಹಿಂದಿನ ರಾತ್ರಿಯೇ ಬೆಳಗ್ಗೆ ಇಷ್ಟು ಹೊತ್ತಿಗೆ ಹೋಗ್ತೀವಿ ಅಂತ ಫೋನಲ್ಲಿ ಗಂಟೆ ಟೈಪ್ ಮಾಡಿ ತೋರಿಸಿ, ಬಾಗಿಲು ಯಾರು ತೆಗೀತಾರೆ, ಡೆಪಾಸಿಟ್ ಯಾರು ಕೊಡ್ತಾರೆ ಕೇಳಿ. ಫೋನಿನ ಗಡಿಯಾರ ಥಾಯ್ ಸಮಯಕ್ಕೆ ಬದಲಾಗಿದ್ಯಾ ಅಂತಲೂ ನೋಡಿ, ಅವರು ನಮಗಿಂತ ಒಂದೂವರೆ ಗಂಟೆ ಮುಂದೆ.

ರೈಲ್ವೆ ಸ್ಟೇಷನ್ನಲ್ಲಿ ಬೆಳಗ್ಗೆ ಎಂಟು, ಸಂಜೆ ಆರಕ್ಕೆ ರಾಷ್ಟ್ರಗೀತೆ ಹಾಕ್ತಾರೆ, ಎಲ್ಲರೂ ನಿಲ್ತಾರೆ, ನೀವೂ ಇದ್ದಲ್ಲೇ ಎದ್ದು ನಿಲ್ಲಿ.

ಮಳೆಗಾಲದಲ್ಲಿ ಹೋದೋರು ಕೀ ವಾಪಸ್ ಕೊಡೋ ಮುಂಚೆ ಬೋಟ್ ಹೊರಡ್ತಿದ್ಯಾ ಅಂತ ಕಂಪನಿಯ ಪೇಜಲ್ಲಿ ನೋಡಿ, ಇಲ್ಲಾ ರಿಸೆಪ್ಷನ್ನಲ್ಲೇ ಒಂದು ಫೋನ್ ಮಾಡಿಸಿ. ಕ್ಯಾನ್ಸಲ್ ಆಗಿದ್ರೆ ಅಲ್ಲೇ ನಿಂತು ಇನ್ನೊಂದು ರಾತ್ರಿಗೆ ದುಡ್ಡು ಕಟ್ಟಿಬಿಡಿ, ಡೋನ್ ಸಕ್‌ವರೆಗೆ ಹೋಗಿ ವಾಪಸ್ ಬರೋಷ್ಟರಲ್ಲಿ ಆ ರೂಮ್ ಬೇರೆಯವರದ್ದಾಗಿರತ್ತೆ. ಟಿಕೆಟ್ ದುಡ್ಡಿನ ವಿಷಯಕ್ಕೆ ಏಜೆಂಟ್ ಸತಾಯಿಸಿದ್ರೆ ಟೂರಿಸ್ಟ್ ಪೊಲೀಸ್ ನಂಬರ್ 1155, ಇಂಗ್ಲಿಷಲ್ಲಿ ಮಾತಾಡ್ತಾರೆ.